ಎಡಕ್ಕೆ ಸುತ್ತಿದ ತಂತಿ

ಹಾಯಿದೋಣಿ ಇಟ್ಟುಕೊಂಡಿದ್ದಾರೆ ಅಂದೊಡನೆ ಜನ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಪರದೆಯಕ್ಕನನ್ನು ಹಾಗೆ ನೋಡಿದವರಿಗೆ ಲೆಕ್ಕವಿಲ್ಲ. ಬೀದಿಯ ಕೊನೆಯ ಸಣ್ಣ ಅಂಗಡಿಯಲ್ಲಿ ಕೂತು ಊರವರ ಕಿಟಕಿಗೆಲ್ಲ ಪರದೆ ಹೊಲಿಯುವ ಹೆಂಗಸು. ಗಂಡ ಅದೇ ಅಂಗಡಿಯ ಇನ್ನೊಂದು ಮಗ್ಗುಲಲ್ಲಿ ಬೀಗ ರಿಪೇರಿ ಮಾಡುವವರು. ಎಲ್ಲರ ಬಾಯಲ್ಲೂ ಬೀಗದಣ್ಣ. ಇಂಥವರಿಗೆ ದೋಣಿಯೇ? "ಏನಕ್ಕ, ಪರದೆಯಲ್ಲಿ ಅಷ್ಟೊಂದು ಲಾಭವಾ?" ಎಂದು ಹಲ್ಲು ಕಿರಿದವರಿಗೆ ಆಕೆ ಕತ್ತರಿ ಕೆಳಗಿಡದೆ ಕೊಡುತ್ತಿದ್ದ ಉತ್ತರ ಒಂದೇ: "ಅದು ನನ್ನ ಸವತಿ ಕಣಪ್ಪ. ಸವತಿ ಬಂದ ಮನೇಲಿ ಲಾಭ ಯಾರು ನೋಡ್ತಾರೆ?"

ಸವತಿ ಎಂಬ ಹೆಸರೇ ದೋಣಿಗೆ ನಿಂತುಬಿಟ್ಟಿತ್ತು. ಅದರ ಮೂಲ ಹೆಸರು ಬಣ್ಣದ ಜೊತೆಗೇ ಎಂದೋ ಉದುರಿಹೋಗಿತ್ತು. ದೋಣಿ ನಿಲ್ಲಿಸುವ ಅಂಗಳದ ಮೂಲೆಯಲ್ಲಿ ಹೊಟ್ಟೆ ಮೇಲಾಗಿ ಬಿದ್ದು, ಒಳಗೆ ಹಕ್ಕಿ ಗೂಡು ಕಟ್ಟಿ, ಸೌದೆಗೆ ಹೋಗಬೇಕಾಗಿದ್ದ ದೋಣಿ ಅದು. ಅಂಗಳದ ಕೊಟ್ಟಿಗೆಗಳ ತುಕ್ಕು ಹಿಡಿದ ಬೀಗಗಳನ್ನೆಲ್ಲ ಬೀಗದಣ್ಣ ಸರಿ ಮಾಡಿಕೊಟ್ಟಾಗ ಅಂಗಳದ ಯಜಮಾನ, "ಬೇಕಾದ್ರೆ ಇದನ್ನ ಎತ್ಕೊಂಡು ಹೋಗಿ, ಜಾಗ ಖಾಲಿಯಾಗತ್ತೆ" ಅಂದ. ಇವರು ಎತ್ತಿಕೊಂಡು ಹೋಗಲಿಲ್ಲ, ಅಲ್ಲೇ ಇಟ್ಟುಕೊಂಡು ಅದನ್ನು ಬದುಕಿಸಿದರು. ಗಂಡ ಹಲಗೆ, ಕೊಂಡಿ, ತಿರುಪು ನೋಡಿಕೊಂಡರು. ಹೆಂಡತಿ ಪರದೆಯ ಮಷೀನಿನಲ್ಲೇ ಹಾಯಿ ಹೊಲಿದಳು. ಅಂಗಳ ಕಾಯುವ ಮೀಸೆಯಣ್ಣ ಮೊದಲ ಸಲ ಆ ಹಾಯಿ ನೋಡಿ, "ಅಕ್ಕ, ಮೇಲ್ಗಡೆ ನಾಲ್ಕು ರಿಂಗು ಹಾಕಿಬಿಡಿ, ದೋಣಿ ಮುಳುಗಿದ್ರೆ ಕಿಟಕಿಗಾದ್ರೂ ಆಗತ್ತೆ" ಅಂದಿದ್ದ. ಅವನ ಮೀಸೆ ಆಗ ಕಪ್ಪಗಿತ್ತು.

ಚಳಿಗಾಲ ಬಂದರೆ ಮಿಕ್ಕವರೆಲ್ಲ ತಮ್ಮ ದೋಣಿಗಳಿಗೆ ತಾಡಪಾಲು ಹೊದಿಸಿ, ಹಗ್ಗ ಬಿಗಿದು, ಬಿಸಿಲು ಬರುವ ತನಕ ಈ ಕಡೆ ತಲೆ ಹಾಕುವುದಿಲ್ಲ. ಇವರಿಬ್ಬರಿಗೆ ಚಳಿಗಾಲವೇ ಹಬ್ಬ. ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಹೊರಟರೆ ಕತ್ತಲಾಗುವ ತನಕ ದೋಣಿಯ ಚಾಕರಿ, ರಾತ್ರಿ ಅದರ ಒಳಗಿನ ಗೂಡಿನಂಥ ಕೋಣೆಯಲ್ಲಿ ಮಂಡಿ ಮಡಚಿ ಮಲಗುವುದು, ಭಾನುವಾರ ಖಾಲಿ ಕೊಲ್ಲಿಯಲ್ಲಿ ಹಾಯಿ ಬಿಚ್ಚಿ ಹೋಗುವುದು. "ಸುಮ್ನೆ ನಿಂತ ದೋಣಿ, ಸುಮ್ನೆ ಕೂತ ಮುದುಕ, ಎರಡಕ್ಕೂ ಗೆದ್ದಲು ಬೇಗ" ಎಂದು ಬೀಗದಣ್ಣ ಹೇಳುತ್ತಿದ್ದರು. ನಡುಗುತ್ತ ಹಗ್ಗ ಹಿಡಿದು ಕೂರುವ ಹೆಂಡತಿಗೆ ಈ ಮಾತಿನಿಂದ ಬೆಚ್ಚಗಾಗುತ್ತಿರಲಿಲ್ಲ, ಆದರೂ ಆಕೆ ಒಂದು ವಾರವೂ ತಪ್ಪಿಸಿದವಳಲ್ಲ.

ಇದೆಲ್ಲ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಬೀಗದಣ್ಣನ ಬೆರಳು ಕೈಕೊಟ್ಟವು.

ಮೊದಲು ಶರ್ಟಿನ ಗುಂಡಿ. ಹಾಕಿಕೊಳ್ಳಲು ಹೊತ್ತಾಗತೊಡಗಿತು. ಆಮೇಲೆ ಅಂಗಡಿಯಲ್ಲಿ ಬೀಗದ ಒಳಗಿನ ಸಣ್ಣ ಸ್ಪ್ರಿಂಗುಗಳು ಮೇಜಿನಿಂದ ಜಾರಿ ಆಕೆಯ ಬಟ್ಟೆಯ ಚಿಂದಿಗಳಲ್ಲಿ ಸಿಗತೊಡಗಿದವು. ವೈದ್ಯರು ಅವರ ಬೆರಳ ತುದಿಗೆ ಸೂಜಿ ಮುಟ್ಟಿಸಿ "ಗೊತ್ತಾಗತ್ತಾ?" ಅಂದರು. ಬೀಗದಣ್ಣ ಕಣ್ಣುಮುಚ್ಚಿಕೊಂಡು, "ಇನ್ನೂ ಚುಚ್ಚಿಲ್ವಲ್ಲ?" ಅಂದರು. ಚುಚ್ಚಿ ಆಗಿತ್ತು. ನರ ಸತ್ತಿದೆ, ತೋಳಿನಲ್ಲಿ ಬಲವಿದೆ, ಬೆರಳಲ್ಲಿ ಸ್ಪರ್ಶ ಮರಳಿ ಬರುವುದಿಲ್ಲ ಎಂದು ವೈದ್ಯರು ನಿಧಾನವಾಗಿ ತಿಳಿಸಿದರು. ಯಾವ ಮನುಷ್ಯನಿಗೆ ಈ ಮಾತು! ಕಣ್ಣಿಗೆ ಕಾಣದ ಬೀಗದ ಹೊಟ್ಟೆಯೊಳಗೆ ತಂತಿ ಹಾಕಿ, ಬೆರಳಿನಿಂದಲೇ ಒಳಗಿನದನ್ನೆಲ್ಲ ನೋಡುತ್ತಿದ್ದ ಮನುಷ್ಯನಿಗೆ. ಮದುವೆಯಾದ ಹೊಸತರಲ್ಲಿ, ಹೆಂಡತಿ ಎಡಗೈಯವಳು, ಕತ್ತರಿ ಹಿಡಿದರೆ ಹೆಬ್ಬೆರಳು ಗುಳ್ಳೆಯೇಳುತ್ತದೆ ಎಂದು ನೋಡಿ, ಯಾರೂ ಕೇಳದೆ ಒಂದು ಕತ್ತರಿಯನ್ನು ಎಡಗೈಗೆ ಒಪ್ಪುವ ಹಾಗೆ ಸಾಣೆ ಹಿಡಿದು ಕೊಟ್ಟಿದ್ದ ಕೈ ಅದು. ಪರದೆಯಕ್ಕ ಇವತ್ತಿಗೂ ಅದರಲ್ಲೇ ಬಟ್ಟೆ ಕತ್ತರಿಸುತ್ತಾಳೆ.

ಇಲ್ಲಿ ಪೋಸ್ಟ್‌ಮಾಸ್ತರರ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಬೀಗದಣ್ಣನ ಬೆರಳು ಚೆನ್ನಾಗಿದ್ದ ಕಾಲದಲ್ಲಿ ಅಂಗಳದಲ್ಲಿ ಇವರ ಪಕ್ಕದ ದೋಣಿ ಅವರದು. ಕಣ್ಣು ಮಂಜಾದರೂ ದೋಣಿ ಬಿಡದ ಹಟವಾದಿ. ಒಮ್ಮೆ ಇನ್ನೊಬ್ಬರ ದೋಣಿಗೆ ಗುದ್ದಿದರು, ಮತ್ತೊಮ್ಮೆ ಕಟ್ಟೆಗೇ ಗುದ್ದಿದರು. ಕೊನೆಗೆ ಒಂದು ಭಾನುವಾರ ಅಂಗಳದ ಹಿರಿಯರು ನಾಲ್ಕು ಜನ ಸೇರಿ, ಎಲ್ಲರೂ ನೋಡುತ್ತಿರುವಾಗಲೇ ಅವರ ಮುಂದೆ ಕೈಚಾಚಿ ದೋಣಿಯ ಕೀಲಿ ಕೇಳಿದರು. ಪೋಸ್ಟ್‌ಮಾಸ್ತರರು ಜೇಬೆಲ್ಲ ತಡಕಿ ಕೊಟ್ಟರು. ಮುದುಕರ ಕುತ್ತಿಗೆ ಕೆಂಪಗಾಗಿದ್ದು ಪರದೆಯಕ್ಕನ ಕಣ್ಣಿಂದ ಇನ್ನೂ ಹೋಗಿಲ್ಲ. ಅವರು ಮತ್ತೆ ಆ ಕಡೆ ಬರಲೇ ಇಲ್ಲ.

ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಬೀಗದಣ್ಣ ಹೆಂಡತಿಯ ಕೈಹಿಡಿದು ನಿಲ್ಲಿಸಿದ್ದರು. "ನೋಡೇ, ನನಗೂ ಒಂದಿನ ಆಗದೇ ಹೋಗತ್ತೆ. ಆ ದಿನ ನೀನು ಹೇಳ್ಬೇಕು. ಇನ್ಯಾರೂ ಹೇಳಬಾರದು. ನೀನು ಹೇಳಿದ ದಿನ ನಾನು ಬಿಟ್ಟುಬಿಡ್ತೀನಿ, ಒಂದು ಮಾತು ಎದುರಾಡಲ್ಲ."

"ಬಿಡ್ರೀ, ಅಪಶಕುನ ನುಡೀಬೇಡಿ."

"ಮಾತು ಕೊಡು."

ಕೊಟ್ಟಿದ್ದಳು. ಕೊಡುವಾಗ ಅದು ಎಷ್ಟು ಭಾರದ ಮಾತು ಎಂದು ಯಾರಿಗೆ ಗೊತ್ತಿರುತ್ತದೆ? ಈಗ ಆ ದಿನ ಬಂದು, ಹೊಸ್ತಿಲು ದಾಟಿ, ಮನೆಯೊಳಗೇ ಕೂತು ವರ್ಷವಾಗುತ್ತ ಬಂದಿತ್ತು. ಆಕೆಯ ಬಾಯಿಂದ ಮಾತು ಹೊರಟಿರಲಿಲ್ಲ. ಹೇಳಿದರೆ ದೋಣಿ ಹೋಗುತ್ತದೆ. ಅಂಗಡಿಯ ಕೆಲಸ ಆಗಲೇ ಮುಕ್ಕಾಲು ಹೋಗಿದೆ. ದೋಣಿಯೂ ಹೋದರೆ ಈ ಮನುಷ್ಯನಲ್ಲಿ ಉಳಿಯುವುದೇನು? ಪೋಸ್ಟ್‌ಮಾಸ್ತರರ ಹಾಗೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು, ಅಷ್ಟೇ.

ಹೇಳಲಾರದವಳು ಇನ್ನೊಂದು ದಾರಿ ಹಿಡಿದಳು. ದೋಣಿಯಲ್ಲಿ ಅಲ್ಲಲ್ಲಿ ಕೊಂಡಿಗಳಿರುತ್ತವೆ. ಹಾಯಿಯ ಕಂಬವನ್ನು ಹಿಡಿದು ನಿಲ್ಲಿಸಿರುವ ಉಕ್ಕಿನ ಹಗ್ಗಗಳೆಲ್ಲ ಅವುಗಳ ಮೇಲೆಯೇ ನಿಂತಿರುತ್ತವೆ. ಕೊಂಡಿಗೊಂದು ತಿರುಪು. ಆ ತಿರುಪು ಅಲುಗಾಟಕ್ಕೆ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಬೀಗದಣ್ಣ ಅದರ ಕಣ್ಣಿಗೆ ತೆಳ್ಳನೆಯ ತಂತಿ ಪೋಣಿಸಿ, ಇಕ್ಕಳದಿಂದ ಹುರಿ ಮಾಡಿ ಬಿಗಿಯುತ್ತಿದ್ದರು. ಆ ಅಂಗಳದಲ್ಲಿ ಅಷ್ಟು ಅಚ್ಚುಕಟ್ಟಾಗಿ ಬಿಗಿಯುವವರು ಇನ್ನೊಬ್ಬರಿರಲಿಲ್ಲ. ಈಗ ಅವರು ಬಿಗಿದದ್ದು ಬೆರಳಲ್ಲಿ ಮುಟ್ಟಿದರೆ ಸಡಿಲವಾಗಿರುತ್ತಿತ್ತು. ಕೆಲಸ ಮುಗಿಸಿ ಅವರು ನಲ್ಲಿಯ ಹತ್ತಿರ ಕೈ ತೊಳೆಯಲು ಹೋಗುತ್ತಾರೆ, ಅಲ್ಲಿ ಮೀಸೆಯಣ್ಣನ ಜೊತೆ ಹರಟುತ್ತಾರೆ. ಆ ಹೊತ್ತಿಗೆ ಪರದೆಯಕ್ಕ ಮೇಲಂಗಿಯ ಜೇಬಿನಿಂದ ಇಕ್ಕಳ ತೆಗೆದು, ಕಳ್ಳಿಯ ಹಾಗೆ ಹಿಂದಿನಿಂದ ಹೋಗಿ, ಒಂದೊಂದನ್ನೂ ಬಿಚ್ಚಿ ಮತ್ತೆ ಬಿಗಿದು ಬರುತ್ತಿದ್ದಳು. ಗಂಡನ ದೋಣಿಯಲ್ಲೇ ಕಳ್ಳತನ! ಕದಿಯುವುದೇನೂ ಇಲ್ಲ, ಆದರೂ ಎದೆ ಡವಗುಟ್ಟುತ್ತಿತ್ತು.

ಆ ಶನಿವಾರ ಚಳಿ ಮೂಳೆಗಿಳಿಯುವಂತಿತ್ತು. ಇಬ್ಬರೂ ಸೇರಿ ತಾಡಪಾಲು ಎತ್ತಿದರು. ಅದರ ಮಡಿಕೆಯಲ್ಲಿ ನಿಂತಿದ್ದ ಮಳೆನೀರು ಪರದೆಯಕ್ಕನ ತೋಳೊಳಗೆ ಇಳಿಯಿತು. "ಅಯ್ಯೋ ಹಾಳು ಸವತಿ!" ಎಂದು ಆಕೆ ಕಿರುಚಿದ್ದಕ್ಕೆ ಗಂಡ, "ನೋಡು, ಅವಳಿಗೂ ನಿನ್ನ ಕಂಡ್ರೆ ಆಗಲ್ಲ" ಅಂದರು. ತಳದಲ್ಲಿ ಸೇರಿದ್ದ ನೀರನ್ನು ಆಕೆ ಡಬ್ಬಿಯಲ್ಲಿ ಮೊಗೆದು ಹೊರಗೆಸೆದಳು, ಸ್ಪಂಜಿನಿಂದ ಒತ್ತಿ ಒರೆಸಿದಳು. ಒಳಗೋಣೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು ಬಂದಿತ್ತು. ಅದನ್ನು ಉಜ್ಜಲು ಕೂತಳು. ಬೀಗದಣ್ಣ ದೋಣಿಯ ಮೂತಿಯಲ್ಲಿ ಮಂಡಿಯೂರಿ ಕೂತಿದ್ದರು. ಕಂಬವನ್ನು ಮುಂದಿನಿಂದ ಹಿಡಿದಿರುವ ಹಗ್ಗದ ಬುಡದ ಕೊಂಡಿ ತುಕ್ಕು ತಿಂದಿತ್ತು, ಹೊಸದನ್ನು ಹಾಕಬೇಕಿತ್ತು.

ಒಳಗೆ ಕೂತವಳಿಗೆ ತಲೆಯ ಮೇಲಿನ ಹಲಗೆಯಿಂದ ಅವರ ಕೆಲಸದ ಸದ್ದೆಲ್ಲ ಕೇಳುತ್ತಿತ್ತು. ಮೊದಲು ಹಳೆಯದನ್ನು ಬಿಚ್ಚಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಇಕ್ಕಳ ಬಿದ್ದ ಸದ್ದು, ಮತ್ತೆ ಬಿದ್ದ ಸದ್ದು, ಮೆಲ್ಲನೆ ಒಂದು ಬೈಗುಳ. ಎಂದೂ ಉಪಕರಣಕ್ಕೆ ಬೈದವರಲ್ಲ ಅವರು. ಪರದೆಯಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ಕೂತಳು. ಕೊನೆಗೆ ಹೆಜ್ಜೆಗಳು ಕಟ್ಟೆಗೆ ಇಳಿದು ನಲ್ಲಿಯ ಕಡೆ ಹೋದವು.

ಆಕೆ ಎದ್ದಳು. ಇಕ್ಕಳ ಜೇಬಿನಲ್ಲಿತ್ತು. ಎದ್ದವಳು ಹಾಗೇ ಕೂತಳು. ಎಷ್ಟು ದಿನ ಈ ಕಳ್ಳಾಟ? ಈಗ ಹೋಗಿ ಬಿಗಿದರೆ ಇವತ್ತೂ ಹೇಳುವುದಿಲ್ಲ. ಎಲ್ಲ ಸರಿಯಿದೆಯಲ್ಲ, ಹೇಳುವ ದರ್ದೇನು ಎಂದು ಮನಸ್ಸು ಜಾರಿಕೊಳ್ಳುತ್ತದೆ. ಆಕೆಗೆ ತನ್ನ ಮನಸ್ಸಿನ ಜಾಯಮಾನ ಚೆನ್ನಾಗಿ ಗೊತ್ತು. ಇವತ್ತು ಮುಟ್ಟುವುದಿಲ್ಲ. ಅವರು ಬಂದ ಕೂಡಲೇ ಹೇಳುವುದು, ಹೇಳಿದ ಮೇಲೆ ಇಬ್ಬರೂ ಕೂಡಿ ಹೋಗಿ ಬಿಗಿಯುವುದು. ಬೂಷ್ಟಿನ ಗೋಡೆಯ ಮುಂದೆ ಕೂತು ಆಕೆ ಮಾತು ಜೋಡಿಸಿಕೊಂಡಳು. ರೀ, ಒಂದು ವಿಷಯ. ಬೇಡ, ಹಾಗೆ ಶುರು ಮಾಡಿದರೆ ಗಾಬರಿಯಾಗುತ್ತಾರೆ. ರೀ, ಅವತ್ತು ದಾರೀಲಿ ಮಾತು ಕೊಟ್ಟಿದ್ನಲ್ಲ. ಅಷ್ಟರಲ್ಲಿ ಕಟ್ಟೆಯ ಮೇಲೆ ಹೆಜ್ಜೆ ಕೇಳಿಸಿತು.

ಬೀಗದಣ್ಣ ಎರಡು ಲೋಟ ಚಹಾ ಹಿಡಿದುಕೊಂಡು, ಬಗ್ಗಿ ಒಳಗೆ ಬಂದರು. ಲೋಟಗಳನ್ನು ಎರಡೂ ಅಂಗೈಗಳ ನಡುವೆ ಅದುಮಿ ಹಿಡಿದಿದ್ದರು, ಬೆರಳಿಂದಲ್ಲ. ಮುಖ ಚಳಿಗೆ ಕೆಂಪಾಗಿ ಹೊಳೆಯುತ್ತಿತ್ತು. "ಮೀಸೆ ಹೇಳ್ದ, ನಾಳೆ ಗಾಳಿ ಭರ್ಜರಿಯಂತೆ. ಬೆಳಿಗ್ಗೆ ಬೇಗ ಹೊರಟ್ಬಿಡೋಣ." ಕೂತು, ಚಹಾ ಕುಡಿದು, ಆಕೆಯ ಮುಖವನ್ನೇ ನೋಡಿದರು. ಏನೋ ಕೇಳುವವರ ಹಾಗೆ ನೋಡಿದರು. "ನಿಂದೆಲ್ಲ ಆಯ್ತಾ?"

"ಹೂಂ, ಬೂಷ್ಟು ಹೋಯ್ತು."

"ಅಷ್ಟೇನಾ?"

"ಇನ್ನೇನು?"

"ಏನಿಲ್ಲ" ಅಂದರು. ನಾಲಿಗೆಯ ತುದಿಗೆ ಬಂದದ್ದನ್ನು ಪರದೆಯಕ್ಕ ಚಹಾದ ಜೊತೆ ನುಂಗಿದಳು. ಇಷ್ಟು ಹಿಗ್ಗಿನಲ್ಲಿ ಕೂತವರ ಮುಂದೆ ಹೇಗೆ ಹೇಳುವುದು? ನಾಳೆ ಅವರು ಏಳುವ ಮೊದಲು ಎದ್ದು ಬಿಗಿದುಬಿಡೋಣ, ಹೇಳುವುದು ಮುಂದಿನ ವಾರ ನೋಡಿಕೊಂಡರಾಯಿತು ಎಂದುಕೊಂಡಳು. ಮಂಡಿ ಮಡಚಿ, ಅವರ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದಳು.

ಆದರೆ ಬೆಳಿಗ್ಗೆ ಮೊದಲು ಎದ್ದವರು ಅವರು. ಆಕೆ ಕಣ್ಣುಜ್ಜಿಕೊಂಡು ಮೇಲೆ ಬರುವಷ್ಟರಲ್ಲಿ ಹಾಯಿಯ ಚೀಲಗಳು ಹೊರಗೆ ಬಂದಿದ್ದವು. "ಏಳೇ ಮಹಾರಾಣಿ, ಗಾಳಿ ನಿನಗೋಸ್ಕರ ಕಾಯತ್ತಾ?" ಪರದೆಯಕ್ಕ ಮೊದಲು ದೋಣಿಯ ಮೂತಿಯ ಕಡೆ ನೋಡಿದಳು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಹೊಸ ಕೊಂಡಿ ತನ್ನ ಜಾಗದಲ್ಲಿತ್ತು, ಅದರ ಕುತ್ತಿಗೆಯಲ್ಲಿ ತಂತಿ ಮಿನುಗುತ್ತಿತ್ತು. ಕಟ್ಟಿದ್ದಾರೆ! ಎಷ್ಟು ಒದ್ದಾಡಿದರೂ ಇದೊಂದನ್ನು ಅವರೇ ಕಟ್ಟಿದ್ದಾರೆ! ಆಕೆಗೆ ಅಳು ಬರುವಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ಹತ್ತಿರ ಹೋಗಿ ಕೈಯಿಟ್ಟು ನೋಡಲಿಲ್ಲ. ನೋಡಬೇಕೆನಿಸಲಿಲ್ಲ ಎಂಬುದೇ ನಿಜ. ಒಂದು ದಿನವಾದರೂ ಅವರ ಕೆಲಸವನ್ನು ಅವರ ಕೆಲಸವಾಗಿಯೇ ಬಿಟ್ಟುಬಿಡುವ ಆಸೆ.

ಕೊಲ್ಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗಾಳಿ ನಿಜವಾಗಿಯೂ ಭರ್ಜರಿಯಾಗಿತ್ತು. ಬೀಗದಣ್ಣ ಚುಕ್ಕಾಣಿಯನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದರು. ಅದಕ್ಕೆ ಬೆರಳು ಬೇಕಿಲ್ಲ, ತೋಳು ಸಾಕು. ಪರದೆಯಕ್ಕ ಹಾಯಿಯ ಹಗ್ಗ ಹಿಡಿದಿದ್ದಳು. ದೋಣಿ ಒಂದು ಮಗ್ಗುಲಿಗೆ ವಾಲಿ, ಗಾಳಿಗೆ ಮುಖ ಕೊಟ್ಟು, ನೀರನ್ನು ಸೀಳಿಕೊಂಡು ಹೋಗುತ್ತಿತ್ತು. ತಿರುಗಿಸುವ ಮುಂಚೆ ಅವರು "ತಿರುಗಿಸ್ಲಾ?" ಅನ್ನುತ್ತಾರೆ, ಆಕೆ "ಹೂಂ" ಅನ್ನುತ್ತಾಳೆ. ನೀರಿನ ಮೇಲೆ ಇವರಿಬ್ಬರ ಸಂಸಾರದಲ್ಲಿ ಅದಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ಅದೇ ನೆಮ್ಮದಿ ಎನಿಸುತ್ತಿತ್ತು ಆಕೆಗೆ. ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ವಟವಟ ಕೇಳಿದವಳಿಗೆ ಆ ಮೌನ ಬೇಕಾಗಿತ್ತು.

"ತಿರುಗಿಸ್ಲಾ?"

"ಹೂಂ."

ದೋಣಿ ತಿರುಗಿತು, ಹಾಯಿ ಪಟಪಟ ಬಡಿದುಕೊಂಡು ಈ ಕಡೆ ಬಂತು. ಅಷ್ಟರಲ್ಲಿ ಮೂತಿಯಿಂದ ಠಣ್ ಎಂದು ಸದ್ದು. ಮುಂದಿನ ಹಗ್ಗ ಕಿತ್ತುಕೊಂಡು, ಅದಕ್ಕೆ ಕಟ್ಟಿದ್ದ ಸಣ್ಣ ಹಾಯಿಯ ಸಮೇತ ಗಾಳಿಯಲ್ಲಿ ಒದ್ದಾಡತೊಡಗಿತು. ಕಂಬ ನಡುಗಿ ಹಿಂದಕ್ಕೆ ವಾಲಿತು. ಏನಾಗಿದೆ ಎಂದು ಪರದೆಯಕ್ಕನಿಗೆ ನೋಡದೆಯೂ ತಿಳಿಯಿತು.

ಬೀಗದಣ್ಣ ಒಂದು ಕ್ಷಣವೂ ಹಾಳು ಮಾಡಲಿಲ್ಲ. ಚುಕ್ಕಾಣಿಯನ್ನು ಎಳೆದು ದೋಣಿಯ ಬೆನ್ನನ್ನು ಗಾಳಿಗೆ ಕೊಟ್ಟರು. ಹಾಗೆ ಓಡಿದರೆ ಗಾಳಿಯೇ ಕಂಬವನ್ನು ಮುಂದಕ್ಕೆ ನೂಕುತ್ತದೆ, ಹಿಂದಿನ ಹಗ್ಗ ಹಿಡಿದುಕೊಳ್ಳುತ್ತದೆ, ಕಂಬ ಬೀಳುವುದಿಲ್ಲ. ಅದು ಸರಿ. ಆದರೆ ಆ ದಿಕ್ಕಿಗೆ ಎದುರಾಗಿಯೇ ಅಲೆ ತಡೆಯಲು ಸುರಿದ ಬಂಡೆಗಳ ಸಾಲಿತ್ತು. ದೋಣಿ ಅದರ ಕಡೆಗೇ ಓಡುತ್ತಿತ್ತು.

"ಹಿಡ್ಕೋ! ನೆಟ್ಟಗೆ ಹಿಡ್ಕೋ, ಅಲ್ಲಾಡಿಸಬೇಡ!" ಎಂದು ಚುಕ್ಕಾಣಿ ಆಕೆಗೆ ಕೊಟ್ಟು, ಒಳಗಿನಿಂದ ತಿರುಪುಗಳ ಡಬ್ಬಿಯನ್ನು ಎದೆಗೆ ಅವುಚಿಕೊಂಡು, ಅಂಬೆಗಾಲಿಡುತ್ತ ಮೂತಿಗೆ ಹೋದರು. ಒದ್ದಾಡುತ್ತಿದ್ದ ಹಗ್ಗವನ್ನು ತೋಳಲ್ಲಿ ತಬ್ಬಿ ಹಿಡಿದರು. ಆ ಬಲ ಅವರಲ್ಲಿನ್ನೂ ಇತ್ತು. ಕೊಂಡಿಯನ್ನು ಅದರ ಜಾಗಕ್ಕೆ ತಂದರು. ಡಬ್ಬಿಯಿಂದ ತಿರುಪು ತೆಗೆದರು. ಅದು ಬೆರಳುಗಳ ನಡುವಿನಿಂದ ಜಾರಿ ನೀರಿಗೆ ಬಿತ್ತು. ಇನ್ನೊಂದು ತೆಗೆದರು. ಅದೂ ಬಿತ್ತು, ಆದರೆ ಅದು ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಏನೂ ಇಲ್ಲದ ಬೆರಳುಗಳನ್ನು ಕೊಂಡಿಯ ತೂತಿಗೆ ಒತ್ತಿ ತಿರುಗಿಸುತ್ತಲೇ ಇದ್ದರು.

ಬೆಳಗಿನ ಬೆಳಕಿನಲ್ಲಿ ಪರದೆಯಕ್ಕ ಅದನ್ನು ನೋಡಿದಳು. ಖಾಲಿ ಬೆರಳು, ಹಲ್ಲು ಕಚ್ಚಿದ ಮುಖ, ಆಚೆ ದೊಡ್ಡದಾಗುತ್ತಿರುವ ಬಂಡೆ. ಜೋಡಿಸಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ!

"ರೀ! ಬನ್ನಿ ಈ ಕಡೆ! ನಿಮಗಾಗಲ್ಲ!"

ಗಾಳಿಗೆ ಕೇಳಿಸಲಿಲ್ಲವೇನೋ, ಅವರು ತಿರುಗಲಿಲ್ಲ.

"ಆಗಲ್ಲ ರೀ ನಿಮಗೆ! ಆಗಲ್ಲ! ನಿಮ್ಮ ಬೆರಳು ಸತ್ತಿದೆ! ಬನ್ನಿ, ನಾನು ಹಾಕ್ತೀನಿ!"

ಆಗ ತಿರುಗಿದರು. ಆಕೆಯನ್ನು ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಹಗ್ಗದ ತುದಿಯನ್ನು ಅಲ್ಲಿದ್ದ ಗೂಟಕ್ಕೆ ತೋಳಿಂದಲೇ ಎರಡು ಸುತ್ತು ಸುತ್ತಿ, ಒಂದೇ ಒಂದು ಮಾತಾಡದೆ, ಅಂಬೆಗಾಲಲ್ಲಿ ಹಿಂದಕ್ಕೆ ಬಂದು ಚುಕ್ಕಾಣಿ ತೆಗೆದುಕೊಂಡರು. ಪರದೆಯಕ್ಕ ಮುಂದಕ್ಕೆ ಹೋದಳು. ನೀರಿನ ತುಂತುರು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಎಡಗೈಯಲ್ಲಿ ತಿರುಪು ಹಿಡಿದು, ತೂತಿಗೆ ಕೂರಿಸಿ ತಿರುಗಿಸಿದಳು. ಮೊದಲನೆಯ ಸಲಕ್ಕೇ ಕಚ್ಚಿಕೊಂಡಿತು. ಜೇಬಿನಿಂದ ಇಕ್ಕಳ ತೆಗೆದು ಕೊನೆ ತನಕ ಬಿಗಿದಳು, ತಂತಿ ಪೋಣಿಸಿ ಹುರಿ ಮಾಡಿದಳು. ಕೈಯೆತ್ತಿದಳು. ದೋಣಿ ಬಂಡೆಗಳನ್ನು ಬಿಟ್ಟು ಮೆಲ್ಲಗೆ ತಿರುಗಿತು. ಬಂಡೆಯ ಮೇಲೆ ಅಂಟಿದ್ದ ಪಾಚಿ ಕಾಣುವಷ್ಟು ಹತ್ತಿರವಿದ್ದರು.

ಹಿಂದಕ್ಕೆ ಬಂದು ಕೂತಾಗ ಆಕೆಯ ಹಲ್ಲು ಕಟಕಟ ಅನ್ನುತ್ತಿತ್ತು. ಬೀಗದಣ್ಣ ತಮ್ಮ ಮಫ್ಲರನ್ನು ಎಳೆದು ಆಕೆಯ ಮಡಿಲಿಗೆ ಹಾಕಿದರು.

"ಅಂತೂ ಹೇಳಿದೆ" ಅಂದರು.

ಪರದೆಯಕ್ಕನಿಗೆ ಅಳು ಒತ್ತರಿಸಿ ಬಂತು. "ನಿನ್ನೆ ಬಿಗಿಯದೇ ಬಿಟ್ಟಿದ್ದು ನಾನು ರೀ. ಪ್ರತಿ ಸಲ ನೀವು ಕೈ ತೊಳೆಯೋಕೆ ಹೋದಾಗ ನಾನು..."

"ಗೊತ್ತು."

"ಏನು ಗೊತ್ತು?"

"ನಾನು ಬಲಕ್ಕೆ ಸುತ್ತೋನು ಕಣೇ. ದೋಣೀಲಿ ಒಂದು ತಂತಿಯಾದ್ರೂ ಬಲಕ್ಕೆ ಸುತ್ತಿದ್ದು ಇದೆಯಾ? ಎಲ್ಲಾ ಎಡಕ್ಕೆ. ಎಡಗೈ ಹುರಿ. ಕಣ್ಣು ಹೋಗಿಲ್ವಲ್ಲ ನನಗೆ."

ಒಂದು ವರ್ಷ! ಒಂದು ವರ್ಷ ಎದೆ ಡವಗುಟ್ಟಿಸಿಕೊಂಡು ಮಾಡಿದ ಕಳ್ಳತನ ಮೊದಲ ವಾರವೇ ಬಯಲಾಗಿತ್ತು.

"ಮತ್ತೆ ಯಾಕೆ ರೀ ಬಾಯಿ ಬಿಡಲಿಲ್ಲ?"

"ನೀನು ಯಾಕೆ ಬಿಡಲಿಲ್ಲ?" ಅಂದರು ಅವರು. "ನಾನು ಬಾಯಿಬಿಟ್ರೆ ನೀನು ಹೇಳಲೇಬೇಕಾಗತ್ತೆ. ನೀನು ಹೇಳಿದ್ರೆ ನಾನು ಬಿಡಬೇಕು. ಇನ್ನೊಂದು ವಾರ ಹೋಗ್ಲಿ, ಇನ್ನೊಂದು ವಾರ ಹೋಗ್ಲಿ ಅಂತ. ನಿನ್ನೆ ಆ ತಿರುಪು ಅರ್ಧಕ್ಕೇ ನಿಂತ್ಹೋಯ್ತು. ಮೇಲೆ ತಂತಿ ಸುಮ್ನೆ ಸುತ್ತಿಟ್ಟೆ. ನೀನು ಹೇಗೂ ಬರ್ತೀಯಲ್ಲ ಅಂತ ಬಿಟ್ಟು ಹೋದೆ. ಚಹಾ ಕುಡೀತಾ ಕೇಳಿದ್ನಲ್ಲ, ನಿಂದೆಲ್ಲ ಆಯ್ತಾ ಅಂತ. ನೀನು ಹೂಂ ಅಂದೆ."

ಅದನ್ನೇ ಕೇಳಿದ್ದರು ಅವರು! ಬೂಷ್ಟನ್ನಲ್ಲ. ಬೆಳಿಗ್ಗೆ ಆಕೆಯನ್ನು ಅಷ್ಟು ಹಿಗ್ಗಿಸಿದ ಆ ತಂತಿ, ಬಿಗಿಯಲಾರದೆ ಹಾಗೇ ಸುತ್ತಿಟ್ಟ ತಂತಿ. ಒಬ್ಬರ ಮನಸ್ಸು ಇನ್ನೊಬ್ಬರು ನೋಯಿಸಬಾರದೆಂದು ಇಬ್ಬರೂ ಸೇರಿ ದೋಣಿಯನ್ನು ಬಂಡೆಗೆ ತಂದು ನಿಲ್ಲಿಸಿದ್ದರು. ಪರದೆಯಕ್ಕ ಮಫ್ಲರಿನಲ್ಲಿ ಮುಖ ಮುಚ್ಚಿ ಅತ್ತಳು. ಅವರು ಚುಕ್ಕಾಣಿ ಹಿಡಿಯದ ಕೈಯನ್ನು ಆಕೆಯ ಬೆನ್ನ ಮೇಲಿಟ್ಟುಕೊಂಡು ಕೂತಿದ್ದರು.

"ಹೋದ್ರೆ ಬೆರಳು ಹೋಗ್ಲಿ ರೀ" ಎಂದಳು ಆಕೆ, ಮೂಗು ಒರೆಸಿಕೊಂಡು. "ದೋಣಿ ಯಾಕೆ ಬಿಡ್ಬೇಕು? ಕಟ್ಟೋದು ಬಿಗಿಯೋದು ನಾನು ಮಾಡ್ತೀನಿ. ಕದ್ದು ಮಾಡ್ತಿದ್ದೆ, ಇನ್ನು ಎದುರಿಗೇ ಮಾಡ್ತೀನಿ. ಆಗಲ್ವಾ?"

"ಮಾತು ಕೊಟ್ಟಿದ್ದೀನಿ" ಅಂದರು ಅವರು, ತಮಗೇ ಹೇಳಿಕೊಂಡ ಹಾಗೆ. "ನೀನು ಹೇಳಿದ ದಿನ ಬಿಡ್ತೀನಿ ಅಂದಿದ್ದೆ."

ಆಮೇಲೆ ಕಟ್ಟೆ ಬರುವವರೆಗೆ ಮಾತಿಲ್ಲ. ಬೆಳಿಗ್ಗೆ ನೆಮ್ಮದಿ ಎನಿಸಿದ್ದ ಮೌನ ಈಗ ಆಕೆಗೆ ಭಾರವಾಗಿತ್ತು.

ಕಟ್ಟೆಯ ಮೇಲೆ ಮೀಸೆಯಣ್ಣ ನಿಂತಿದ್ದ. ಅಂಗಳ ಕಾಯುವವನ ಕಣ್ಣಿಗೆ ದೂರದಿಂದಲೂ ಏನೋ ಬಿದ್ದಿತ್ತು. ಅವನ ಹಿಂದೆ, ತಾಡಪಾಲು ನೋಡಲು ಬಂದಿದ್ದ ಇನ್ನಿಬ್ಬರು ದೋಣಿಯವರೂ ನಿಂತಿದ್ದರು. ಇಷ್ಟು ವರ್ಷವೂ ಅವರೆಲ್ಲ ಕಂಡದ್ದು ಒಂದೇ ನೋಟ: ದೋಣಿ ಕಟ್ಟೆಗೆ ತಾಗುವ ಮೊದಲೇ ಬೀಗದಣ್ಣ ಹಗ್ಗ ಹಿಡಿದು ಚಂಗನೆ ನೆಗೆದು, ಗೂಟಕ್ಕೆ ಒಂದೇ ಕೈಯಲ್ಲಿ ಗಂಟು ಹಾಕಿ ನಿಲ್ಲುತ್ತಿದ್ದರು. ಈಚೆಗೆ ಆ ಗಂಟನ್ನೂ ಆಮೇಲೆ ಪರದೆಯಕ್ಕನೇ ಬಂದು ಬಿಗಿಯುತ್ತಿದ್ದಳು, ಯಾರೂ ಇಲ್ಲದ ಹೊತ್ತಿನಲ್ಲಿ.

"ಏನಣ್ಣ, ಕಂಬ ವಾಲಿದ ಹಾಗಿತ್ತು?" ಎಂದು ಮೀಸೆಯಣ್ಣ ಕೂಗಿದ.

ಬೀಗದಣ್ಣ ಎದ್ದು ನಿಂತು ಕೋಟಿನ ಜೇಬಿಗೆ ಕೈಹಾಕಿದರು. ದೋಣಿಯ ಕೀಲಿ ಇರುವುದು ಆ ಜೇಬಿನಲ್ಲಿ. ಪರದೆಯಕ್ಕನ ಕಣ್ಣ ಮುಂದೆ ಪೋಸ್ಟ್‌ಮಾಸ್ತರರ ಕೆಂಪು ಕುತ್ತಿಗೆ ಬಂದು ನಿಂತಿತು. ಯಾರೂ ಕೇಳುವ ಮೊದಲು ತಾವೇ ಕೊಟ್ಟುಬಿಡುತ್ತಾರೆ. ಮಾತಿಗೆ ತಪ್ಪಿದವರಲ್ಲ.

ಅವರು ಜೇಬಿನಿಂದ ತೆಗೆದದ್ದು ಕರವಸ್ತ್ರ. ಮುಖ ಒರೆಸಿಕೊಂಡರು. ಬಗ್ಗಿ ಕಟ್ಟುವ ಹಗ್ಗವನ್ನು ಎರಡೂ ಅಂಗೈಯಲ್ಲಿ ಎತ್ತಿ, ಎಲ್ಲರ ಎದುರಿಗೆ ಹೆಂಡತಿಯ ಕಡೆ ಚಾಚಿದರು.

"ಇನ್ಮೇಲೆ ಕಟ್ಟೋದೆಲ್ಲ ಇವಳೇ ಮೀಸೆ" ಅಂದರು, ಮೂವರಿಗೂ ಕೇಳುವ ಹಾಗೆ. "ನನ್ನ ಬೆರಳು ಹೋದವು. ಕಟ್ಟೋದನ್ನ ಬಿಟ್ಟೆ."

ಪರದೆಯಕ್ಕ ಹಗ್ಗ ತೆಗೆದುಕೊಂಡಳು. ನೆಗೆಯಲು ಬರಲಿಲ್ಲ, ಮೆಲ್ಲಗೆ ಕಟ್ಟೆಗೆ ಕಾಲಿಟ್ಟು, ಗೂಟದ ಮುಂದೆ ಕುಕ್ಕರಗಾಲಲ್ಲಿ ಕೂತು ಎಡಗೈಯಲ್ಲಿ ಗಂಟು ಹಾಕಿದಳು. ಕಣ್ಣು ಮಂಜಾಗಿ ಹಗ್ಗ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಹಾಕಿದಳು. ಎದ್ದು, ತಾಡಪಾಲು ತರಲು ಕೊಟ್ಟಿಗೆಯ ಕಡೆ ಹೊರಟಳು.

ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಳು. ಬೀಗದಣ್ಣ ಗೂಟದ ಹತ್ತಿರ ಬಗ್ಗಿದ್ದರು. ಯಾರೂ ನೋಡುತ್ತಿಲ್ಲ ಎಂದುಕೊಂಡು, ಆಕೆ ಹಾಕಿದ ಗಂಟಿನ ಮೇಲೆ ಅಂಗೈಯೊತ್ತಿ, ತೋಳಿನ ಬಲದಿಂದ ಹಗ್ಗವನ್ನು ಒಮ್ಮೆ ಜಗ್ಗಿ ನೋಡುತ್ತಿದ್ದರು.

ಪರದೆಯಕ್ಕ ನೋಡಿಯೂ ನೋಡದ ಹಾಗೆ ಕೊಟ್ಟಿಗೆಯೊಳಗೆ ಹೋದಳು. ಅವರ ಕೆಲಸ ಮುಗಿಯಲೆಂದು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ತಾಡಪಾಲು ಎತ್ತಿಕೊಂಡು ಬಂದಳು.